ಗುರುವಾಕ್ಯ ಮತ್ತು ವಿವೇಕ: ಆವಿಲಾದ ಸಂತ ತೆರೇಸಾ ನಡೆದ ಹಾದಿ

ಧರ್ಮಗುರುಗಳು ನೀಡಿದ ಸಲಹೆ ಮನಸ್ಸಿಗೆ ಒಪ್ಪದಿದ್ದಾಗ ಭಕ್ತನಾದವನು ಏನು ಮಾಡಬೇಕು? ಮಗಳ ವಿವಾಹ, ಆಸ್ತಿಯ ಪಾಲು, ದಂಪತಿಗಳ ವಿರಸ, ಮಗನ ದೈವಕರೆ, ಹೀಗೆ ಬದುಕಿನ ಸಂದಿಗ್ಧ ಗಳಿಗೆಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಗುರುಮನೆಯ ಮೆಟ್ಟಿಲೇರುವುದು ರೂಢಿ. ಅಲ್ಲಿ ದೊರೆತ ಮಾತು ಹಿತವೆನಿಸಿದರೆ ಚಿಂತೆಯಿಲ್ಲ. ಹಿತವೆನಿಸದಿದ್ದಾಗ ನಮ್ಮಲ್ಲಿ ಎರಡು ಬಗೆಯ ವರ್ತನೆ ಕಂಡುಬರುತ್ತದೆ. ಕೆಲವರು ಗುರುಗಳು ಹೇಳಿದ್ದೇ ವೇದವಾಕ್ಯವೆಂದು ತಲೆಬಾಗಿ ಒಳಗೊಳಗೇ ನವೆಯುತ್ತಾರೆ. ಮತ್ತೆ ಕೆಲವರು ಗುರುಗಳ ಮುಂದೆ ಹೂಂಗುಟ್ಟಿ, ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ಅವರನ್ನು ಹಳಿಯುತ್ತಾರೆ. ಮೊದಲನೆಯದನ್ನು ವಿಧೇಯತೆಯೆಂದೂ ಎರಡನೆಯದನ್ನು ಸ್ವಾತಂತ್ರ್ಯವೆಂದೂ ನಾವು ಭ್ರಮಿಸುತ್ತೇವೆ.

ಇವೆರಡಕ್ಕೂ ಹೊರತಾದ ಹಾದಿಯೊಂದುಂಟು. ಆ ಹಾದಿಯಲ್ಲಿ ತನ್ನ ಜೀವಮಾನವಿಡೀ ನಡೆದು ತೋರಿಸಿದವಳು ಸ್ಪೇನ್ ದೇಶದ ಆವಿಲಾ ನಗರದ ಸಂತ ತೆರೇಸಾ. ಪ್ರತಿವರ್ಷ ಅಕ್ಟೋಬರ್ 15ರಂದು ಧರ್ಮಸಭೆ ಆಕೆಯ ಹಬ್ಬವನ್ನು ಆಚರಿಸುತ್ತದೆ. ಆಕೆಯ ದರ್ಶನಗಳನ್ನೂ ಆಕೆ ಕಟ್ಟಿದ ಮಠಗಳನ್ನೂ ನಾವು ಸ್ಮರಿಸುತ್ತೇವೆ. ಆದರೆ ಗುರುಗಳ ತಪ್ಪು ಸಲಹೆಗಳ ನಡುವೆ ಸಿಲುಕಿ, ಗುರುಪದವಿಯ ಮೇಲಿನ ಗೌರವವನ್ನಾಗಲಿ ಸತ್ಯದ ಮೇಲಿನ ನಿಷ್ಠೆಯನ್ನಾಗಲಿ ಬಿಟ್ಟುಕೊಡದೆ ಆಕೆ ಹೇಗೆ ಪಾರಾದಳೆಂಬುದನ್ನು ನಾವು ಅಷ್ಟಾಗಿ ಗಮನಿಸಿದಂತಿಲ್ಲ.

ತೆರೇಸಾ ಹುಟ್ಟಿದ್ದು 1515ರ ಮಾರ್ಚ್ 28ರಂದು. ತಂದೆ ಅಲೊನ್ಸೊ, ತಾಯಿ ಬೆಯಾತ್ರಿಸ್. ತಂದೆಯ ಕಡೆಯ ಅಜ್ಜ ಯೆಹೂದ್ಯ ಮೂಲದಿಂದ ಬಂದ ಕ್ರೈಸ್ತ. ಆತ 1485ರಲ್ಲಿ ತೊಲೆದೊ ನಗರದಲ್ಲಿ ಧರ್ಮವಿಚಾರಣಾ ಮಂಡಳಿಯಿಂದ ಬಹಿರಂಗ ಪ್ರಾಯಶ್ಚಿತ್ತಕ್ಕೆ ಗುರಿಯಾಗಿದ್ದ. ಅಂಥ ಮನೆತನದವರು ಧರ್ಮದ ವಿಷಯದಲ್ಲಿ ಒಂದು ಮಾತು ತಪ್ಪಿದರೂ ಅಪಾಯ ಬಾಗಿಲಲ್ಲೇ ಇರುತ್ತಿದ್ದ ಕಾಲವದು. ಇಪ್ಪತ್ತರ ಹರೆಯದಲ್ಲಿ, 1535ರ ನವೆಂಬರ್ ತಿಂಗಳಲ್ಲಿ, ತೆರೇಸಾ ಆವಿಲಾದ ಮನುಷ್ಯಾವತಾರ ಮಠದಲ್ಲಿ ಕಾರ್ಮೆಲ್ ಸಭೆಯನ್ನು ಸೇರಿದಳು. ವ್ರತಸ್ವೀಕಾರವಾಗಿ ವರ್ಷ ಕಳೆಯುವಷ್ಟರಲ್ಲಿ ಆಕೆಯ ಆರೋಗ್ಯ ಕೆಟ್ಟಿತು. ಚಿಕಿತ್ಸೆಗೆಂದು ಬೆಸೆದಾಸ್ ಎಂಬ ಊರಿಗೆ ಕರೆದೊಯ್ದರು.

ಗುರುಗಳ ದೌರ್ಬಲ್ಯ ಆಕೆಗೆ ಹತ್ತಿರದಿಂದ ಕಂಡದ್ದು ಅಲ್ಲಿಯೇ. ಆ ಊರಿನಲ್ಲಿ ಆಕೆಯ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಏಳು ವರ್ಷಗಳಷ್ಟು ಕಾಲ ಒಬ್ಬ ಹೆಂಗಸಿನ ಸಹವಾಸದಲ್ಲಿ ಸಿಲುಕಿದ್ದರು. ಆಕೆ ಕೊಟ್ಟ ತಾಮ್ರದ ತಾಯಿತವೊಂದನ್ನು ಕೊರಳಲ್ಲಿ ಧರಿಸಿಯೇ ಬಲಿಪೂಜೆ ಅರ್ಪಿಸುತ್ತಿದ್ದರು. ತೆರೇಸಾಳ ನಿರ್ಮಲ ಸ್ವಭಾವವನ್ನು ಕಂಡು ಅವರೇ ತಮ್ಮ ಕಥೆಯನ್ನು ಆಕೆಗೆ ಹೇಳಿಕೊಂಡರು. ಆಕೆ ಊರಿಗೆಲ್ಲ ಸಾರಲಿಲ್ಲ, ತನ್ನ ಕರ್ತವ್ಯವಲ್ಲವೆಂದು ಸುಮ್ಮನಿರಲೂ ಇಲ್ಲ. ಕನಿಕರದಿಂದ ಮಾತನಾಡಿ, ಒತ್ತಾಯಿಸಿ, ಆ ತಾಯಿತವನ್ನು ತನ್ನ ಕೈಗೆ ಕೊಡುವಂತೆ ಮಾಡಿದಳು. ಅದನ್ನು ಹೊಳೆಗೆ ಎಸೆಯಲಾಯಿತು. ಗುರುಗಳು ಆ ಸಹವಾಸವನ್ನು ತೊರೆದು ಪಶ್ಚಾತ್ತಾಪಪಟ್ಟು, ವರ್ಷದೊಳಗೆ ಸಜ್ಜನರಾಗಿ ಮಡಿದರು.

ಇದಕ್ಕಿಂತಲೂ ಹೆಚ್ಚಿನ ಹಾನಿ ಆಕೆಗೆ ಆದದ್ದು ಅರ್ಧಂಬರ್ಧ ಓದಿದ ಗುರುಗಳಿಂದ. ಇವರು ಕೆಟ್ಟವರಲ್ಲ, ಸದುದ್ದೇಶದವರೇ. ಆದರೆ ಲಘು ಪಾಪವನ್ನು ಪಾಪವೇ ಅಲ್ಲವೆಂದರು, ಘೋರ ಪಾಪವನ್ನು ಲಘುವೆಂದರು. ಹದಿನೇಳು ವರ್ಷಗಳಿಗೂ ಮಿಗಿಲಾಗಿ ತಾನು ಈ ಕತ್ತಲಲ್ಲಿದ್ದೆನೆಂದು ಆಕೆ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾಳೆ. ಧ್ಯಾನವನ್ನೇ ಬಿಟ್ಟು ವರ್ಷ ದಾಟಿದ್ದ ಹೊತ್ತಿನಲ್ಲಿ, 1543ರ ಕೊನೆಯಲ್ಲಿ ತಂದೆ ತೀರಿಕೊಂಡರು. ತಂದೆಯ ಆತ್ಮಗುರುಗಳಾಗಿದ್ದ ಡೊಮಿನಿಕ್ ಸಭೆಯ ವಿಸೆಂತೆ ಬರ್ರೋನ್ ಎಂಬ ವಿದ್ವಾಂಸರ ಬಳಿ ತೆರೇಸಾ ತನ್ನ ಅಂತರಂಗವನ್ನು ತೆರೆದಿಟ್ಟಳು. ಧ್ಯಾನವನ್ನು ಪುನಃ ಆರಂಭಿಸುವಂತೆ ಅವರು ಹೇಳಿದರು. ಆ ಬಳಿಕ ಆಕೆ ಧ್ಯಾನವನ್ನು ಎಂದೂ ಬಿಡಲಿಲ್ಲ. ಭಕ್ತಿ ಮಾತ್ರವಿದ್ದು ಜ್ಞಾನವಿಲ್ಲದ ಗುರುವಿಗಿಂತ, ಭಕ್ತಿ ತುಸು ಕಡಿಮೆಯಿದ್ದರೂ ದೈವಶಾಸ್ತ್ರವನ್ನು ಚೆನ್ನಾಗಿ ಬಲ್ಲ ಗುರು ಆತ್ಮಕ್ಕೆ ಹೆಚ್ಚು ಸುರಕ್ಷಿತವೆಂಬ ನಂಬಿಕೆ ಆಕೆಯಲ್ಲಿ ಬೇರೂರಿದ್ದು ಈ ಅನುಭವದಿಂದಲೇ.

1554ರ ಸುಮಾರಿಗೆ, ಗಾಯಗೊಂಡ ಕ್ರಿಸ್ತನ ಪ್ರತಿಮೆಯೊಂದರ ಮುಂದೆ ಆಕೆಯ ಹೃದಯ ಸಂಪೂರ್ಣವಾಗಿ ಕರಗಿತು. ಧ್ಯಾನದಲ್ಲಿ ಅಸಾಧಾರಣ ಅನುಭವಗಳು ಆರಂಭವಾದವು. ಇವು ದೇವರಿಂದ ಬಂದವೋ ಸೈತಾನನ ಮೋಸವೋ ಎಂಬ ಭಯ ಆಕೆಯನ್ನು ಕಾಡಿತು. ಕಾರ್ದೊಬಾದ ಮಗ್ದಲೇನಾ ಎಂಬ ಮಠಾಧಿಕಾರಿಣಿಯನ್ನು ಜನ ಸಂತಳೆಂದು ಪೂಜಿಸುತ್ತಿದ್ದರು. ಎಲ್ಲವೂ ವಂಚನೆಯೆಂದು ಬಯಲಾಗಿ ಆಕೆಗೆ ಶಿಕ್ಷೆಯಾದದ್ದು 1546ರಲ್ಲಿ, ಕೆಲವೇ ವರ್ಷಗಳ ಹಿಂದೆ. ಇಡೀ ಸ್ಪೇನ್ ದರ್ಶನಗಳ ಹೆಸರೆತ್ತಿದರೆ ಬೆಚ್ಚುತ್ತಿತ್ತು. ಆದ್ದರಿಂದ ತೆರೇಸಾಳನ್ನು ಸಂಶಯಿಸಿದ ಗುರುಗಳನ್ನು ನಾವು ಸುಲಭವಾಗಿ ದೂಷಿಸಲಾಗದು. ಅವರ ಭಯಕ್ಕೆ ಕಾರಣವಿತ್ತು.

ಆಕೆ ಮೊದಲು ಸಲಹೆ ಕೇಳಿದ್ದು ಫ್ರಾನ್ಸಿಸ್ಕೊ ದೆ ಸಾಲ್ಸೆದೊ ಎಂಬ ಧರ್ಮನಿಷ್ಠ ಗೃಹಸ್ಥರನ್ನು, ಅವರ ಮೂಲಕ ಗಾಸ್ಪಾರ್ ದಾಸಾ ಎಂಬ ಗುರುಗಳನ್ನು. ತನ್ನ ಧ್ಯಾನದ ಸ್ವರೂಪವನ್ನು ಬಾಯಿಮಾತಿನಲ್ಲಿ ವಿವರಿಸಲಾರದೆ, ಆಧ್ಯಾತ್ಮಿಕ ಗ್ರಂಥವೊಂದರಲ್ಲಿ ತನ್ನ ಅನುಭವಕ್ಕೆ ಹೋಲುವ ಭಾಗಗಳಿಗೆ ಗೆರೆಯೆಳೆದು, ಜೊತೆಗೆ ತನ್ನ ಬದುಕಿನ ಪಾಪಗಳ ವಿವರವನ್ನೂ ಬರೆದು ಒಪ್ಪಿಸಿದಳು. ತನಗೆ ಅನುಕೂಲವಾದುದನ್ನು ಮಾತ್ರ ಹೇಳಿ ತನಗೆ ಬೇಕಾದ ಉತ್ತರ ಪಡೆಯುವ ಜಾಣ್ಮೆ ಆಕೆಗೆ ಬೇಡವಾಗಿತ್ತು. ಇಬ್ಬರೂ ಪರಿಶೀಲಿಸಿ, ಇದು ಸೈತಾನನ ಕಾರ್ಯವೆಂದು ತೀರ್ಮಾನಿಸಿದರು. ಆಕೆಯ ಕಣ್ಣೀರಿಗೆ ಮಿತಿಯಿರಲಿಲ್ಲ. ಆದರೂ ಅವರ ಸಲಹೆಯಂತೆಯೇ ಯೇಸುಸಭೆಯ ಗುರುಗಳೊಬ್ಬರ ಮುಂದೆ ಇಡೀ ಬದುಕಿನ ಪಾಪನಿವೇದನೆಗೆ ಸಿದ್ಧಳಾದಳು. ದಿಯೆಗೊ ದೆ ಸೆತಿನಾ ಎಂಬ ಆ ಯುವಗುರುಗಳು ಎಲ್ಲವನ್ನೂ ಕೇಳಿ, ಇದು ದೇವರ ಕಾರ್ಯವೆಂದೂ ಧ್ಯಾನವನ್ನು ಬಿಡಬಾರದೆಂದೂ ಧೈರ್ಯ ತುಂಬಿದರು. ಮುಂದೆ ಆವಿಲಾಕ್ಕೆ ಬಂದ ಸಂತ ಫ್ರಾನ್ಸಿಸ್ ಬೋರ್ಜಿಯಾ ಕೂಡ ಇದೇ ಅಭಿಪ್ರಾಯವನ್ನು ಪುಷ್ಟೀಕರಿಸಿದರು.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಪ್ರಭು ಯೇಸುವಿನ ದರ್ಶನಗಳು ಆರಂಭವಾದಾಗ ನಗರದ ಐದಾರು ಮಂದಿ ಧರ್ಮಿಷ್ಠರು ಸೇರಿ ಚರ್ಚಿಸಿ, ಮತ್ತೆ ಸೈತಾನನನ್ನೇ ಕಂಡರು. ಆಗ ಆಕೆಯ ಪಾಪನಿವೇದನೆ ಕೇಳುತ್ತಿದ್ದವರು ಬಲ್ತಸಾರ್ ಆಲ್ವಾರೆಸ್ ಎಂಬ ಯೇಸುಸಭೆಯ ಗುರುಗಳು. ಅವರಿಗೆ ಇಪ್ಪತ್ತೈದರ ಆಸುಪಾಸು, ಆಕೆಗೆ ನಲವತ್ತು ದಾಟಿತ್ತು. ಎಲ್ಲರ ಒತ್ತಡವನ್ನು ಸಹಿಸಿ ಅವರು ಆಕೆಯ ಕೈಬಿಡಲಿಲ್ಲವಾದರೂ ಕಠಿಣವಾಗಿಯೇ ನಡೆಸಿಕೊಂಡರು. ಅವರಿಲ್ಲದಿದ್ದಾಗ ಕೆಲವೊಮ್ಮೆ ಪಾಪನಿವೇದನೆ ಕೇಳುತ್ತಿದ್ದ ಬೇರೊಬ್ಬರು ಆಕೆಗೆ ಒಂದು ಭಯಂಕರ ಆಜ್ಞೆ ಕೊಟ್ಟರು. ದರ್ಶನ ಕಂಡೊಡನೆ ಶಿಲುಬೆಯ ಗುರುತು ಹಾಕಿಕೊಂಡು, ಮುಷ್ಟಿಯ ಬೆರಳುಗಳ ನಡುವೆ ಹೆಬ್ಬೆರಳನ್ನು ತೂರಿಸಿ ಅವಹೇಳನದ ಸಂಜ್ಞೆ ತೋರಬೇಕೆಂಬುದೇ ಆ ಆಜ್ಞೆ. ತಾನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಪ್ರಭುವಿಗೆ ಅಂಥ ಅವಮಾನ ಮಾಡಬೇಕಾಗಿ ಬಂದ ಆ ಹೆಣ್ಣಿನ ಸಂಕಟವನ್ನು ಓದುಗರು ಊಹಿಸಬಹುದು. ಆಕೆ ಅಳುತ್ತಲೇ ಆಜ್ಞೆಯನ್ನು ಪಾಲಿಸಿದಳು. ಪ್ರಭುವಿನಲ್ಲಿ ಕ್ಷಮೆ ಬೇಡಿದಳು, ಆಜ್ಞೆ ಕೊಟ್ಟವರು ಅವನ ಸಭೆಯ ಸೇವಕರೆಂದು ನಿವೇದಿಸಿಕೊಂಡಳು. ಅವಳ ವಿಧೇಯತೆಯನ್ನು ಪ್ರಭು ಮೆಚ್ಚಿದನೆಂದೂ, ಸತ್ಯವನ್ನು ತಾನೇ ಹೊರಗೆಡಹುವೆನೆಂದು ಸಂತೈಸಿದನೆಂದೂ ಆಕೆ ಬರೆದಿದ್ದಾಳೆ. ಆ ಗುರುಗಳ ಹೆಸರನ್ನು ಮಾತ್ರ ಆಕೆ ಬರೆದಿಡಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಅವಹೇಳನದ ಸಂಜ್ಞೆಯ ಆಜ್ಞೆಯನ್ನು ಪ್ರಭು ಸಹಿಸಿದ. ಆದರೆ ಗುರುಗಳು ಧ್ಯಾನವನ್ನೇ ನಿಷೇಧಿಸಿದಾಗ ಅವನಿಗೆ ಅಸಮಾಧಾನವಾಯಿತೆಂದೂ, ಇದು ದಬ್ಬಾಳಿಕೆಯೆಂದು ಅವರಿಗೆ ತಿಳಿಸುವಂತೆ ತನಗೆ ಹೇಳಿದನೆಂದೂ ಆಕೆ ದಾಖಲಿಸಿದ್ದಾಳೆ. ಗುರುವಿನ ಅಧಿಕಾರಕ್ಕೂ ಒಂದು ಮೇರೆಯಿದೆ. ಆತ್ಮಕ್ಕೂ ದೇವರಿಗೂ ನಡುವಣ ಬಾಗಿಲನ್ನು ಕಾಯುವುದು ಗುರುವಿನ ಕೆಲಸ. ಆ ಬಾಗಿಲಿಗೆ ಬೀಗ ಜಡಿಯುವ ಅಧಿಕಾರ ಅವನಿಗಿಲ್ಲ.

ತೆರೇಸಾ ವಿಧೇಯಳಾಗಿದ್ದಳು, ಆದರೆ ಕೇಳುವುದನ್ನು ನಿಲ್ಲಿಸಲಿಲ್ಲ. 1560ರಲ್ಲಿ ಅಲ್ಕಾಂತರಾದ ಸಂತ ಪೇತ್ರರು ಆವಿಲಾಕ್ಕೆ ಬಂದಾಗ, ಅವರ ಮುಂದೆ ಏನನ್ನೂ ಮುಚ್ಚಿಡದೆ ಮನಸ್ಸನ್ನು ತೆರೆದಳು. ಕಠೋರ ತಪಸ್ವಿಯಾಗಿದ್ದ ಆ ಫ್ರಾನ್ಸಿಸ್ಕನ್ ಗುರುಗಳು ಆಕೆಯನ್ನು ಅರ್ಥಮಾಡಿಕೊಂಡು, ಆಕೆಯನ್ನು ಸಂಶಯಿಸಿದ್ದವರೊಡನೆಯೂ ತಾವೇ ಮಾತನಾಡಿದರು. ಹಲವು ವರ್ಷಗಳ ನಂತರ ಡೊಮಿನಿಕ್ ಸಭೆಯ ಹೆಸರಾಂತ ದೈವಶಾಸ್ತ್ರಜ್ಞ ದೊಮಿಂಗೊ ಬಾನ್ಯೆಸ್ ಅವರು ಅವಹೇಳನದ ಸಂಜ್ಞೆಯ ಸಲಹೆ ತಪ್ಪೆಂದು ಸ್ಪಷ್ಟಪಡಿಸಿದರು. ಪ್ರಭುವಿನ ಚಿತ್ರವನ್ನು ಕೆಟ್ಟ ಚಿತ್ರಕಾರನೇ ಬರೆದಿದ್ದರೂ ಅದಕ್ಕೆ ಗೌರವ ಸಲ್ಲಬೇಕೆಂಬುದು ಅವರ ವಾದ. ಈ ವಿಷಯವನ್ನು ತೆರೇಸಾ ತನ್ನ ಮಠಸ್ಥಾಪನೆಗಳ ಗ್ರಂಥದಲ್ಲಿ ಉಲ್ಲೇಖಿಸಿ, ತನ್ನ ಸಹೋದರಿಯರಿಗೆ ಅಂಥ ಸಂಜ್ಞೆ ಬೇಡವೆಂದು ತಿಳಿಹೇಳಿದಳು. ಒಬ್ಬ ಗುರುವಿನ ತಪ್ಪನ್ನು ತಿದ್ದಿದ್ದು ಧರ್ಮಸಭೆಯ ಇನ್ನೊಬ್ಬ ಗುರುವಿನ ಜ್ಞಾನ. ಆ ಜ್ಞಾನದ ಬಾಗಿಲನ್ನು ತಟ್ಟುವ ಕೆಲಸ ಮಾತ್ರ ತೆರೇಸಾಳದಾಗಿತ್ತು.

ಇದೇ ಕಾಲದಲ್ಲಿ ಕಟ್ಟುನಿಟ್ಟಿನ ಪುಟ್ಟ ಮಠವೊಂದನ್ನು ಸ್ಥಾಪಿಸುವ ಸಂಕಲ್ಪ ಆಕೆಯಲ್ಲಿ ಮೂಡಿತು. ಮೊದಲು ಒಪ್ಪಿದ ಪ್ರಾಂತ್ಯಾಧಿಕಾರಿಗಳು ಊರಿನ ಗದ್ದಲಕ್ಕೆ ಅಂಜಿ ಹಿಂದೆ ಸರಿದರು. ಆಕೆಗೆ ನೆರವಾದ ವಿಧವೆ ಗಿಯೊಮಾರ್ ಎಂಬವರಿಗೆ, ಈ ಯೋಜನೆಯನ್ನು ಕೈಬಿಡದಿದ್ದರೆ ಪಾಪವಿಮೋಚನೆ ಇಲ್ಲವೆಂದು ಗುರುಗಳು ಹೇಳಿದರು. ಆಲ್ವಾರೆಸ್ ಗುರುಗಳು ಇದೆಲ್ಲ ಕನಸೆಂದು ಇನ್ನಾದರೂ ತಿಳಿಯಬೇಕೆಂಬ ಅರ್ಥದ ಪತ್ರ ಬರೆದರು. ತೆರೇಸಾ ಐದಾರು ತಿಂಗಳು ಮೌನವಾಗಿದ್ದಳು. ಬೆನ್ನ ಹಿಂದೆ ಕೆಲಸ ಸಾಗಿಸಲಿಲ್ಲ, ದೇವರ ಸಂಕಲ್ಪ ನೆರವೇರುವುದೆಂಬ ನಂಬಿಕೆಯನ್ನು ಬಿಡಲೂ ಇಲ್ಲ. 1561ರಲ್ಲಿ ಯೇಸುಸಭೆಯ ಮಠಕ್ಕೆ ಹೊಸ ಮುಖ್ಯಸ್ಥರಾಗಿ ಬಂದ ಗಾಸ್ಪಾರ್ ದೆ ಸಾಲಾಸಾರ್ ಆಕೆಯ ಮಾತು ಕೇಳಿ ಒಪ್ಪಿದರು. ಆಲ್ವಾರೆಸರೂ ಮನಸ್ಸು ಬದಲಿಸಿ ಮುಂದುವರಿಯಲು ಅನುಮತಿಯಿತ್ತರು.

ಹಾಗೆಂದು ವಿದ್ವಾಂಸರ ಮಾತಿಗೆಲ್ಲ ಆಕೆ ತಲೆಯಾಡಿಸಿದವಳಲ್ಲ. ಹೊಸ ಮಠಕ್ಕೆ ನಿಶ್ಚಿತ ಆದಾಯವಿರಬೇಕೆ, ಇಲ್ಲವೆ ಭಿಕ್ಷೆ ಮತ್ತು ದುಡಿಮೆಯಿಂದಲೇ ಸಾಗಬೇಕೆ ಎಂಬ ಪ್ರಶ್ನೆ ಬಂದಾಗ, ಆಕೆಯನ್ನು ಬೆಂಬಲಿಸುತ್ತಿದ್ದ ಡೊಮಿನಿಕ್ ಸಭೆಯ ಪೇದ್ರೊ ಇಬಾನ್ಯೆಸ್ ಅವರೇ ದೈವಶಾಸ್ತ್ರದ ವಾದಗಳನ್ನು ತುಂಬಿ ಆದಾಯ ಬೇಕೆಂದು ಬರೆದರು. ತನ್ನ ವ್ರತವನ್ನು ಪಾಲಿಸದಿರಲು ದೈವಶಾಸ್ತ್ರದ ನೆರವು ಬೇಡವೆಂಬ ಧಾಟಿಯಲ್ಲಿ ಆಕೆ ಅವರಿಗೇ ನೇರವಾಗಿ ಉತ್ತರಿಸಿದಳು. ಅಲ್ಕಾಂತರಾದ ಪೇತ್ರರ ಅಭಿಪ್ರಾಯವನ್ನೂ ಕೇಳಿದಳು. ವ್ಯಾಜ್ಯದ ವಿಷಯವಾದರೆ ನ್ಯಾಯಶಾಸ್ತ್ರ ಬಲ್ಲವರನ್ನು, ಪರಿಪೂರ್ಣ ಜೀವನದ ವಿಷಯವಾದರೆ ಅದನ್ನು ಬಾಳುತ್ತಿರುವವರನ್ನು ಕೇಳಬೇಕೆಂಬುದು 1562ರ ಏಪ್ರಿಲ್ ತಿಂಗಳಲ್ಲಿ ಅವರು ಬರೆದ ಪತ್ರದ ಸಾರ. ಕೊನೆಗೆ ಇಬಾನ್ಯೆಸ್ ಅವರೂ ಆಕೆಯ ಅಭಿಪ್ರಾಯಕ್ಕೆ ಬಂದರು. ಎರಡು ಕಡೆಯೂ ಸ್ನೇಹ ಮುರಿಯಲಿಲ್ಲ.

1562ರ ಆಗಸ್ಟ್ 24ರಂದು ನಾಲ್ವರು ಕನ್ಯೆಯರೊಂದಿಗೆ ಸಂತ ಜೋಸೆಫರ ಮಠ ಆರಂಭವಾಯಿತು. ಊರೇ ಎದ್ದು ನಿಂತಿತು. ನಗರಸಭೆ ಮಠವನ್ನು ಮುಚ್ಚಿಸಲು ಹೊರಟಾಗ ಅದರ ಪರವಾಗಿ ವಾದಿಸಿದವರು ಬಾನ್ಯೆಸ್. ಆದಾಯವಿಲ್ಲದ ಮಠ ಅವರಿಗೂ ಒಪ್ಪಿಗೆಯಾಗಿರಲಿಲ್ಲ. ಆದರೂ ಅನ್ಯಾಯವಾಗಿ ಮುಚ್ಚಬಾರದೆಂದು ನಿಂತರು. ಮುಂದೆ ತೆರೇಸಾ ಸುಮಾರು 17 ಮಠಗಳನ್ನು ಕಟ್ಟಿದಳು. 1582ರ ಸೆಪ್ಟೆಂಬರಿನಲ್ಲಿ ಕಾಯಿಲೆಯಿಂದ ಬಳಲಿ ಆವಿಲಾಕ್ಕೆ ಮರಳುವ ಹಂಬಲದಲ್ಲಿದ್ದಾಗ, ಅಧಿಕಾರಿಗಳಾಗಿದ್ದ ಅಂತೋನಿಯೊ ಗುರುಗಳು ಆಲ್ಬಾ ದೆ ತೊರ್ಮೆಸ್ ಊರಿಗೆ ಹೋಗುವಂತೆ ಆಜ್ಞಾಪಿಸಿದರು. ಆಕೆ ಹೋದಳು. ಅಕ್ಟೋಬರ್ 4ರ ರಾತ್ರಿ, ಧರ್ಮಸಭೆಯ ಮಗಳಾಗಿ ಸಾಯುತ್ತಿರುವುದಕ್ಕೆ ದೇವರನ್ನು ವಂದಿಸುತ್ತ, ಅಲ್ಲಿಯೇ ಕಣ್ಮುಚ್ಚಿದಳು. 1622ರಲ್ಲಿ ಆಕೆ ಸಂತ ಪದವಿಗೇರಿದಳು. 1970ರಲ್ಲಿ ಪೋಪ್ ಆರನೆಯ ಪೌಲರು ಆಕೆಯನ್ನು ಧರ್ಮಸಭೆಯ ಪಂಡಿತೆಯೆಂದು ಸಾರಿದರು. ಆ ಗೌರವ ಪಡೆದ ಮೊದಲ ಮಹಿಳೆ ಆಕೆ. ಒಂದು ಕಾಲದಲ್ಲಿ ಗುರುಗಳು ಸಂಶಯಿಸಿದ್ದ ಹೆಣ್ಣುಮಗಳ ಗ್ರಂಥಗಳನ್ನು ಇಂದು ಗುರುಮಠಗಳಲ್ಲಿ ಗುರುಗಳಾಗಲಿರುವವರು ಓದುತ್ತಾರೆ.

ಆಕೆಯ ಮಕ್ಕಳು ನಮ್ಮ ಕರಾವಳಿಗೂ ಬಂದರು. 1870ರಲ್ಲಿ ಫ್ರಾನ್ಸಿನ ಪೋ ನಗರದ ಮಠದಿಂದ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದಿಳಿದಾಗ, ಅವರ ಜೊತೆಯಲ್ಲಿ ಗಲಿಲೇಯದ ಬಡಹುಡುಗಿಯೊಬ್ಬಳಿದ್ದಳು. ಆಕೆಯೇ ಮರಿಯಮ್ ಬವಾರ್ದಿ. 1871ರ ನವೆಂಬರ್ 21ರಂದು ಆಕೆ ವ್ರತ ಸ್ವೀಕರಿಸಿದ್ದು ಮಂಗಳೂರಿನಲ್ಲಿಯೇ. ಆದರೆ ಆಕೆಯ ಅಸಾಧಾರಣ ಅನುಭವಗಳ ಬಗ್ಗೆ ಇಲ್ಲಿನ ಹಿರಿಯರಲ್ಲಿ ಸಂಶಯ ಹುಟ್ಟಿ, 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಮರಳಿ ಕಳುಹಿಸಲಾಯಿತು. ಆಕೆ ವಿಧೇಯಳಾಗಿ ಮರಳಿದಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಆಕೆಯನ್ನು ಸಂತಳೆಂದು ಘೋಷಿಸಿದರು. ತಾಯಿಗೆ ಬಂದ ಪರೀಕ್ಷೆಯೇ ಮಗಳಿಗೂ ಬಂದಿತ್ತು.

ಹಾಗಾದರೆ ತೆರೇಸಾ ನಮ್ಮ ಕುಟುಂಬಗಳಿಗೆ ಕಲಿಸುವುದೇನು? ಮೊದಲನೆಯದಾಗಿ, ಪ್ರಶ್ನಿಸುವ ಮುನ್ನ ಪೂರ್ಣ ಸತ್ಯವನ್ನು ಹೇಳಬೇಕು. ಅರ್ಧ ಸಂಗತಿ ಕೇಳಿದ ಗುರು ಕೊಡುವ ಸಲಹೆಯೂ ಅರ್ಧವೇ. ಎರಡನೆಯದಾಗಿ, ಸಂಶಯವನ್ನು ಮೊದಲು ಆ ಗುರುವಿನ ಮುಂದೆಯೇ ವಿನಯದಿಂದ ಇಡಬೇಕು. ಮೂರನೆಯದಾಗಿ, ಸಮಾಧಾನವಾಗದಿದ್ದರೆ ಹೆಚ್ಚು ಬಲ್ಲ ಇನ್ನೊಬ್ಬರನ್ನು ಮರೆಮಾಚದೆ ಕೇಳಬೇಕು. ಇದು ಗುರುದ್ರೋಹವಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 991ನೆಯ ನಿಯಮದ ಪ್ರಕಾರ, ಅಧಿಕಾರ ಪಡೆದ ಯಾವ ಗುರುವಿನ ಬಳಿಯಾದರೂ ತನ್ನ ಇಚ್ಛೆಯಂತೆ ಪಾಪನಿವೇದನೆ ಮಾಡುವ ಸ್ವಾತಂತ್ರ್ಯ ಪ್ರತಿಯೊಬ್ಬ ಭಕ್ತನಿಗಿದೆ. ತಮ್ಮ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಧರ್ಮಪಾಲಕರಿಗೆ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ಭಕ್ತರಿಗಿದೆಯೆಂದು 212ನೆಯ ನಿಯಮ ಹೇಳುತ್ತದೆ. ನಾಲ್ಕು ಶತಮಾನಗಳ ಹಿಂದೆ ತೆರೇಸಾ ಪರಿಪೂರ್ಣತೆಯ ಮಾರ್ಗ ಎಂಬ ಗ್ರಂಥದಲ್ಲಿ ತನ್ನ ಸಹೋದರಿಯರಿಗಾಗಿ ಬೇಡಿದ್ದೂ ಇದೇ ಸ್ವಾತಂತ್ರ್ಯವನ್ನು.

ನಾಲ್ಕನೆಯದೊಂದು ಮಾತಿದೆ, ಅದನ್ನು ನಾವು ಮರೆಯುವಂತಿಲ್ಲ. ಸಹಿಸಬಹುದಾದ ತಪ್ಪು ಸಲಹೆ ಬೇರೆ, ಪಾಪಕ್ಕೆ ಎಳೆಯುವ ಮಾತು ಬೇರೆ. ಪಾಪ ಮಾಡೆಂದು ಹೇಳುವ ಅಧಿಕಾರ ಯಾವ ಗುರುವಿಗೂ ಇಲ್ಲ. ನಂಬಿಕೆಯನ್ನು ದುರುಪಯೋಗಪಡಿಸುವವರ ಎದುರು ಮೌನ ತಾಳುವುದು ವಿಧೇಯತೆಯೂ ಅಲ್ಲ. ಗುರುವಿನಲ್ಲಿ ಲೋಲುಪತೆಯ ಸುಳಿವು ಕಂಡರೆ ಮಾತು ಮೊಟಕುಗೊಳಿಸಿ, ಮುಖ್ಯಸ್ಥೆಗೆ ತಿಳಿಸಿ, ಬೇರೆ ಗುರುವನ್ನು ಹುಡುಕಬೇಕೆಂದು ತೆರೇಸಾ ಅಂದೇ ಎಚ್ಚರಿಸಿದ್ದಳು. ದೌರ್ಜನ್ಯದ ದೂರುಗಳನ್ನು ಸ್ವೀಕರಿಸಲು ಪ್ರತಿ ಧರ್ಮಪ್ರಾಂತ್ಯದಲ್ಲೂ ವ್ಯವಸ್ಥೆಯಿರಬೇಕೆಂದು 2019ರಲ್ಲಿ ಪೋಪ್ ಫ್ರಾನ್ಸಿಸ್ ಆಜ್ಞಾಪಿಸಿದರು. ಅಪರಾಧ ನಡೆದಲ್ಲಿ ನಾಡಿನ ಕಾನೂನಿಗೂ ತಿಳಿಸಬೇಕು. ಇಂಥ ಸಂದರ್ಭದಲ್ಲಿ ಮನೆಯ ಮಾನದ ನೆಪದಲ್ಲಿ ಮಕ್ಕಳ ಬಾಯಿ ಮುಚ್ಚಿಸುವ ತಂದೆತಾಯಿಗಳು ದೇವರಿಗೆ ಉತ್ತರ ಹೇಳಬೇಕಾದೀತು.

ಗುರುಗಳಾದ ನಮಗೂ ಈ ಸಂತಳ ಬದುಕು ಪಾಠವೇ. ತನ್ನ ತೀರ್ಮಾನವನ್ನು ಬದಲಿಸಲು ನಾಚದ ಆಲ್ವಾರೆಸರೂ, ವಾದದಲ್ಲಿ ಸೋತು ಸ್ನೇಹ ಉಳಿಸಿಕೊಂಡ ಇಬಾನ್ಯೆಸರೂ, ತಮಗೆ ಒಪ್ಪದ ಮಠದ ಪರವಾಗಿಯೂ ನ್ಯಾಯ ನುಡಿದ ಬಾನ್ಯೆಸರೂ ಇಲ್ಲದಿದ್ದರೆ ತೆರೇಸಾಳ ಪ್ರಶ್ನೆಗಳು ಎಲ್ಲಿ ಇಂಗಿಹೋಗುತ್ತಿದ್ದವೋ ಹೇಳಲಾಗದು. ಗುರುಮನೆಯ ಬಾಗಿಲಿಗೆ ಎರಡನೆಯ ಬಾರಿ ಬಂದು, ನೀವು ಹೇಳಿದ್ದು ನನಗೆ ತಿಳಿಯಲಿಲ್ಲ ಸ್ವಾಮಿ ಎಂದು ತಡವರಿಸುವ ಬಡ ತಾಯಿಯನ್ನು ಸಹನೆಯಿಂದ ಕುಳ್ಳಿರಿಸಿ ಮತ್ತೊಮ್ಮೆ ಕೇಳುವ ದೊಡ್ಡತನವನ್ನು ಪ್ರಭು ನಮ್ಮೆಲ್ಲ ಗುರುಗಳಿಗೆ ದಯಪಾಲಿಸಲಿ. ಹಾಗೆ ಬರುವ ಧೈರ್ಯವನ್ನು ನಮ್ಮ ಕುಟುಂಬಗಳಿಗೆ ಕೊಡಲಿ. ಆವಿಲಾದ ಸಂತ ತೆರೇಸಾ, ನಮಗಾಗಿ ಪ್ರಾರ್ಥಿಸಲಿ.